ಪಾತಾಳಕ್ಕೆ ಕೊಟ್ಟ ಹುಡುಗಿ

ಕಾಲೇಜಿನಲ್ಲಿ ನಾನು ಪ್ರಾಚೀನ ಗ್ರೀಸಿನ ಗುಪ್ತ ಆರಾಧನೆಗಳ ಪಾಠ ಮಾಡುತ್ತಿದ್ದೆ. ಪೈರಿನ ದೇವತೆ ಡಿಮೀಟರ್, ಅವಳ ಮಗಳು ಪರ್ಸೆಫೊನಿ. ಹೂ ಕೊಯ್ಯುತ್ತಿದ್ದ ಮಗಳನ್ನು ಪಾತಾಳದ ಒಡೆಯ ಹೊತ್ತೊಯ್ದು ಮದುವೆಯಾಗುತ್ತಾನೆ. ತಾಯಿ ಅತ್ತು ಅತ್ತು ಭೂಮಿಯನ್ನೇ ಬಂಜರು ಮಾಡುತ್ತಾಳೆ. ಕೊನೆಗೆ ಮಗಳು ವರ್ಷಕ್ಕೊಮ್ಮೆ ಬಂದು ಹೋಗುವುದೆಂದು ರಾಜಿಯಾಗುತ್ತದೆ. ಎಲ್ಯೂಸಿಸ್ ಎಂಬ ಊರಿನಲ್ಲಿ ಈ ತಾಯಿ-ಮಗಳ ದೀಕ್ಷೆ ಪಡೆದವರು ಒಳಗೆ ಕಂಡದ್ದನ್ನು ಹೊರಗೆ ಹೇಳುವಂತಿರಲಿಲ್ಲ. ನನ್ನ ವಿದ್ಯಾರ್ಥಿಗಳು ಆ ಗುಟ್ಟನ್ನು ಉತ್ತರಪತ್ರಿಕೆಯಲ್ಲೂ ನಿಷ್ಠೆಯಿಂದ ಕಾಪಾಡಿದರು.

ನಾನು ನಿವೃತ್ತನಾದ ಮೇಲೆ, ಕಂಕನಾಡಿಯಲ್ಲಿರುವ ಅಕ್ಕ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಮಗಳಿಗೆ ಒಂದು ಸಂಬಂಧ ಬಂದದ್ದುಂಟು, ಕಾಟಿಪಳ್ಳದವರದ್ದು. ಅವಳ ಸೋದರಮಾವ ಅಂತ ನೀನೇ ಹೋಗಿ ಮಾತಾಡಬೇಕು. ಎಷ್ಟು ಸಮಯ ಅಂತ ಒಬ್ಬಳೇ ಇರುವುದು ಅವಳು?"

ಅಕ್ಕನಿಗೆ ಇದ್ದದ್ದು ಒಬ್ಬಳೇ ಮಗಳು. ಶಾಲೆಗೆ ಹೋಗುವ ಪ್ರಾಯದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಹಾಗೆ ಹೋದ ಮಗುವಿಗೆ, ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಬದುಕಿದ್ದರೆ ಪ್ರಾಯ ತುಂಬುತ್ತಿದ್ದ ಕಾಲಕ್ಕೆ ಮದುವೆ ಮಾಡಿಸುವುದು ನಮ್ಮಲ್ಲಿ ಉಂಟು. ಇಲ್ಲದಿದ್ದರೆ ಅವರಿಗೆ ನೆಲೆಯಿಲ್ಲ ಎನ್ನುತ್ತಾರೆ.

ಇಸ್ತ್ರಿ ಮಾಡಿದ ಪಂಚೆ ಉಟ್ಟು, ಸೋದರಮಾವನ ಪೂರ್ಣ ಗಾಂಭೀರ್ಯದೊಂದಿಗೆ ಕಾಟಿಪಳ್ಳದ ಹುಡುಗನ ಮನೆಗೆ ಹೋದೆ. ಶರಬತ್ತು ಬಂತು. ಅಭ್ಯಾಸಬಲದಿಂದ ಕೇಳಿಬಿಟ್ಟೆ: "ಹುಡುಗ ಎಂತ ಮಾಡ್ತಾನೆ?"

ಹುಡುಗನ ತಂದೆ ಲೋಟ ಕೆಳಗಿಟ್ಟರು. "ಇದ್ದಿದ್ದರೆ ದುಬಾಯಿಯಲ್ಲಿ ಇರ್ತಿದ್ದ," ಎಂದರು. "ಅವನ ಜೊತೆಯವರೆಲ್ಲ ಅಲ್ಲೇ ಇರುವುದು."

"ನಮ್ಮವಳು ಕಲಿಯುವುದರಲ್ಲಿ ಹುಷಾರಿದ್ದಳು," ಎಂದೆ. ಬೇರೆ ಎಂತ ಹೇಳುವುದು?

ಬದುಕಿರುವವರ ಮದುವೆಗೆ ಆಗದ ಆಟಿ ತಿಂಗಳಲ್ಲಿ ಮದುವೆಯಾಯಿತು. ಒಂದು ಕುರ್ಚಿಯ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ, ಶಲ್ಯ. ಅಕ್ಕ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಮಾಡಿದಳು. ಡಿಮೀಟರಳ ಮಗಳನ್ನು ಕದ್ದೊಯ್ದದ್ದು. ನಮ್ಮವಳನ್ನು ತಾಯಿಯೇ ಮನೆ ನೋಡಿ ಕಳುಹಿಸಿದಳು. ಊಟಕ್ಕೆ ಕೋಳಿ ಇತ್ತು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಮುಂದಿನ ವರ್ಷ, ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ದಿನ ಬಂತು. ಮದುವೆಯಾದವಳ ಎಲೆ ಇನ್ನು ಗಂಡನ ಮನೆಯಲ್ಲಿ. ಆದರೂ ಅಕ್ಕ, ನಮ್ಮ ಅಪ್ಪ-ಅಮ್ಮನ ಎಲೆಗಳ ಪಕ್ಕದಲ್ಲಿ ಒಂದು ಸಣ್ಣ ಎಲೆ ಹಾಸಿದಳು.

"ಅಕ್ಕ, ಅವಳದ್ದು ಈಗ ಕಾಟಿಪಳ್ಳದಲ್ಲಿ ಅಲ್ವಾ?"

"ಗೊತ್ತುಂಟು ಮಾರಾಯ." ಅವಳು ತಲೆಯೆತ್ತಲಿಲ್ಲ. "ನಿನ್ನ ಆ ಗ್ರೀಕರ ಹುಡುಗಿ ವರ್ಷಕ್ಕೊಮ್ಮೆ ತಾಯಿಮನೆಗೆ ಬರ್ತಾಳೆ ಅಂತ ಹೇಳ್ತಿದ್ದಿಯಲ್ಲ?"

ಹೌದೆಂದೆ.

"ಹಾಗಾದರೆ ನೀರು ತಾ."

ತಂದಿಟ್ಟೆ. ಕಾಟಿಪಳ್ಳದವರಿಗೆ ನಾವು ಇದನ್ನು ಇನ್ನೂ ಹೇಳಿಲ್ಲ.