ನಮ್ಮ ಕೂಸಿಗಿಟ್ಟ ಹೆಸರು

ಮನೆಮನೆಗೆ ಟಿ.ವಿ. ಬಂದಿದ್ದರೂ ಸಿನಿಮಾ ಎಂದರೆ ಟಾಕೀಸಿಗೆ ಹೋಗಿಯೇ ನೋಡಬೇಕು ಎಂದು ನಮ್ಮ ಹಿರಿಯೂರು ನಂಬಿದ್ದ ಕಾಲವದು. ಟೈಲರ್ ಅಂಗಡಿ, ಕಟಿಂಗ್ ಶಾಪು, ಬಾಳೆಹಣ್ಣಿನ ತಳ್ಳುಗಾಡಿ, ಎಲ್ಲಿ ನೋಡಿದರೂ ಒಬ್ಬರೇ ನಟರ ಫೋಟೋ. ಹುಡುಗರ ಕ್ರಾಪು ಅವರದು, ಪ್ಯಾಂಟಿನ ಹೊಲಿಗೆ ಅವರದು. ನಾವು ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುವಾಗ ಗುನುಗುತ್ತಿದ್ದ ಹಾಡೂ ಅವರದೇ.

ಅವ್ವನ ತಮ್ಮ ಶಿವುಮಾಮ ನಮ್ಮ ಮನೆಯಲ್ಲೇ ಇದ್ದ. ಟಾಕೀಸಿನಲ್ಲಿ ಗೇಟ್‌ಕೀಪರ್. ಅವನ ಅಂಗಿಗೆ ಬೀಡಿ ಹೊಗೆ, ಹುರಿದ ಶೇಂಗಾ, ಫಿನಾಯಿಲು ಮೂರೂ ಬೆರೆತ ವಾಸನೆ ಇರುತ್ತಿತ್ತು. ಅವ್ವ ಮುದ್ದೆ ತಿರುವುತ್ತಿದ್ದರೆ ಒಲೆಯ ಪಕ್ಕ ಕುಂತು ಆ ವಾರದ ಸಿನಿಮಾವನ್ನು ಪೂರ್ತಿ ಅಭಿನಯಿಸಿ ತೋರಿಸುತ್ತಿದ್ದ. ಫೈಟಿಂಗ್ ಬಂದಾಗ ತಟ್ಟೆ ಬಡಿಯುತ್ತಿದ್ದ. ತಾಯಿ ಮಗ ಅಗಲುವ ಸೀನು ಬಂದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಷ್ಟಕ್ಕೇ ಅಳ್ತೀಯಲ್ಲಕ್ಕ, ಇನ್ನೂ ಇಂಟರ್‌ವಲ್ಲೇ ಆಗಿಲ್ಲ!" ಎಂದು ಮಾಮ ನಗುತ್ತಿದ್ದ.

ನನಗೊಬ್ಬ ತಮ್ಮ ಹುಟ್ಟಿದಾಗ ಮನೆದೇವರ ಹೆಸರಿಡಬೇಕೆಂದು ಅಪ್ಪನಿಗಿತ್ತು. ಮಾಮ ಬಿಡಲಿಲ್ಲ. ತೊಟ್ಟಿಲಿಗೆ ಹಾಕಿದ ದಿನ ಕೂಸಿನ ಕಿವಿಯಲ್ಲಿ ಆ ನಟರ ಹೆಸರನ್ನೇ ಕೂಗಿಬಿಟ್ಟ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಯಾರೂ ಆ ಹೆಸರೆತ್ತುವುದಿಲ್ಲ.

ಅದು ಆಷಾಢ. ಬೀದಿಯ ಧೂಳನ್ನೆಲ್ಲ ಒಳಗೆ ತಂದು ಸುರಿಯುವ ಗಾಳಿ. ತಮ್ಮ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ. ಅಪ್ಪ ಕೊಬ್ಬರಿ ವ್ಯಾಪಾರಕ್ಕೆ ಹೊಸದುರ್ಗಕ್ಕೆ ಹೋಗಿದ್ದ. ಹಿಂದಿನ ಸಂಜೆಯಿಂದಲೇ ತಮ್ಮನಿಗೆ ವಾಂತಿಭೇದಿ ಹಿಡಿದಿತ್ತು. "ಹಲ್ಲು ಬರೋ ಹೊತ್ನಾಗೆ ಹಿಂಗೇ ಆಗ್ತೈತೆ" ಎಂದು ಅವ್ವ ಸಮಾಧಾನ ಮಾಡಿಕೊಂಡಿದ್ದಳು.

ಬೆಳಿಗ್ಗೆ ಟೈಲರ್ ಅಂಗಡಿಯ ರೇಡಿಯೋದಲ್ಲಿ ಸುದ್ದಿ ಬಂತು. ಆ ನಟರು ತೀರಿಕೊಂಡಿದ್ದರು. ಮಾಮ ಹೊಸ್ತಿಲ ಮೇಲೆ ಕುಸಿದು, "ಹೋಗ್ಬಿಟ್ರಲ್ಲಕ್ಕಾ" ಎಂದು ಬಿಕ್ಕಿ ಬಿಕ್ಕಿ ಅತ್ತ. ಕೂಸಿನ ಬಟ್ಟೆ ಬದಲಿಸುತ್ತಿದ್ದ ಅವ್ವನೂ ಅತ್ತಳು. ಅವರಿಬ್ಬರೂ ಅಳುವುದು ಕಂಡು ನಾನೂ ಅತ್ತೆ. ಮಾಮ ಮುಖವನ್ನೂ ತೊಳೆಯದೆ ಅಭಿಮಾನಿ ಸಂಘದ ಹುಡುಗರ ಜೊತೆ ಹೊರಟುಹೋದ. ಸ್ವಲ್ಪ ಹೊತ್ತಿಗೆಲ್ಲ ಬಜಾರಿನ ಬಾಗಿಲುಗಳು ಇಳಿದವು, ಬಸ್ಸು ನಿಂತವು.

ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಗುಳಿ ಬಿದ್ದಿದ್ದವು. ಅವ್ವ ಅದನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ಗ್ಲೂಕೋಸ್ ಹಾಕಲು ನೋಡಿದರು, ನರ ಸಿಗಲಿಲ್ಲ. "ತಡ ಮಾಡಬೇಡ್ರಿ, ದುರ್ಗದ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗ್ರಿ" ಎಂದರು. ಇದ್ದ ಒಂದು ಆಂಬುಲೆನ್ಸು ಬೇರೆ ಯಾರನ್ನೋ ಕರೆದುಕೊಂಡು ಹೋಗಿತ್ತು.

ನಮ್ಮ ಪಕ್ಕದ ಮನೆಯ ಬಾಬಣ್ಣನದು ಆಟೋ. ಅವನ ತಾತನ ಕಾಲದಿಂದ ನಮಗೂ ಅವರಿಗೂ ಒಂದೇ ಗೋಡೆ. "ಬರ್ರಿ ಅಕ್ಕಾ, ಕುಂತ್ಕಳ್ರಿ. ಏನಾಗ್ತೈತೋ ಆಗ್ಲಿ" ಎಂದು ಗಾಡಿ ತೆಗೆದ. ಹೊರಡುವ ಮುಂಚೆ ಕ್ಯಾಲೆಂಡರಿನಿಂದ ಆ ನಟರ ಚಿತ್ರ ಹರಿದು ಗಾಜಿಗೆ ಅಂಟಿಸಿದ. ಅದನ್ನು ನೋಡಿದರೆ ಹುಡುಗರು ದಾರಿ ಬಿಟ್ಟಾರು ಎಂಬ ಆಸೆ ಅವನದು. ಅವ್ವನ ಮಡಿಲಲ್ಲಿ ಕೂಸು, ಪಕ್ಕದಲ್ಲಿ ಸಕ್ಕರೆ ಉಪ್ಪಿನ ನೀರಿನ ಬಾಟಲಿ ಹಿಡಿದ ನಾನು.

ಊರು ದಾಟುವ ಕಡೆ ರಸ್ತೆಯಲ್ಲಿ ಟೈರು ಉರಿಯುತ್ತಿತ್ತು. ಲಾರಿಗಳನ್ನು ತಡೆದು ನಿಂತವರಲ್ಲಿ ಶಿವುಮಾಮನೂ ಇದ್ದ, ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು.

"ಶಿವೂ, ಕೂಸು ಕಣ್ ಬಿಡ್ತಿಲ್ಲ ಕಣೋ" ಎಂದಳು ಅವ್ವ.

ಮಾಮನ ಮುಖ ಹಾಗಾದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಉರಿಯುವ ಟೈರನ್ನು ಕಾಲಿನಿಂದಲೇ ಒದ್ದು ಸರಿಸಿದ. "ದಾರಿ ಬಿಡ್ರಲೇ, ನಮ್ಮಕ್ಕನ ಕೂಸು!" ಎಂದು ಕಿರುಚುತ್ತ ಆಟೋ ಮುಂದೆ ಓಡಿದ. ಜನ ಸರಿದ ಮೇಲೆ ಬಾಬಣ್ಣನ ಪಕ್ಕ ಹತ್ತಿ ಕುಂತ.

ಐಮಂಗಲದ ಹತ್ತಿರ ಮತ್ತೆ ನಿಲ್ಲಿಸಿದರು. ಅಲ್ಲಿಯವರಿಗೆ ಮಾಮ ಯಾರೋ ಏನೋ. "ಎಲ್ಲಾರೂ ಹಿಂಗೇ ನೆಪ ಹೇಳ್ತಾರೆ" ಎಂದು ಒಬ್ಬ ಹ್ಯಾಂಡಲ್ ಹಿಡಿದುಕೊಂಡ. ಮಾಮ ಕೈಮುಗಿದ. "ನಾನೂ ನಿಮ್ಮಂಗೇ ಅಭಿಮಾನಿ ಕಣ್ರಪ್ಪ, ನೋಡ್ರಿ, ಬಟ್ಟೆ ಕಟ್ಟೀನಿ." ಅವರು ಕೇಳಲಿಲ್ಲ. ದೂರದಲ್ಲಿ ಗುಂಪೊಂದು ಆ ಹೆಸರನ್ನು ಒಂದೇ ಸಮನೆ ಕೂಗುತ್ತಿತ್ತು. ಪ್ರತಿ ಸಲ ಕೂಗಿದಾಗಲೂ ಅವ್ವ ಬೆಚ್ಚಿ ಮಡಿಲು ನೋಡಿಕೊಳ್ಳುತ್ತಿದ್ದಳು. ಕೊನೆಗೆ ಅವಳೇ ಆಟೋದಿಂದ ತಲೆ ಹೊರಹಾಕಿ, "ಇವನ ಹೆಸರೂ ಅದೇ ಕಣಪ್ಪ. ನೀವು ಕೂಗ್ತಿರೋದು ಇವನ್ನೇ ಕಣಪ್ಪ" ಎಂದಳು.

ಹ್ಯಾಂಡಲ್ ಹಿಡಿದಿದ್ದ ಹುಡುಗ ಬಗ್ಗಿ ಕೂಸಿನ ಮುಖ ನೋಡಿದ. ಹ್ಯಾಂಡಲ್ ಬಿಟ್ಟ. ಆಮೇಲೆ ಅವರೆಲ್ಲ ಸೇರಿ ರಸ್ತೆಗೆ ಅಡ್ಡ ಇಟ್ಟಿದ್ದ ಕಲ್ಲುಗಳ ಮೇಲಿಂದ ಆಟೋವನ್ನು ಎತ್ತಿಯೇ ದಾಟಿಸಿದರು. ಇಬ್ಬರು ಬೈಕಿನಲ್ಲಿ ಮುಂದೆ ಹೋಗಿ ದಾರಿ ಬಿಡಿಸಿಕೊಟ್ಟರು.

ಬಾಬಣ್ಣ ಜೀವ ಒತ್ತೆಯಿಟ್ಟು ಓಡಿಸುತ್ತಿದ್ದ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರ್ರನೆ ತಿರುಗುತ್ತಿದ್ದವು. ಕೋಟೆಯ ಬಂಡೆಗಳು ಕಾಣಿಸುವ ಹೊತ್ತಿಗೆ ಅವ್ವ ಸೆರಗಿನಿಂದ ಗಾಳಿ ಬೀಸುವುದನ್ನು ನಿಲ್ಲಿಸಿದಳು. ಕೂಸಿನ ತಲೆಯ ಮೇಲೆ ಸೆರಗು ಹೊದಿಸಿದಳು.

"ಬಾಬಣ್ಣ, ನಿಧಾನಕ್ಕೆ ಓಡಿಸ್ರಿ. ಕೂಸು ಮಲ್ಗೈತೆ."

ಬಾಬಣ್ಣ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಗಾಡಿ ನಿಧಾನವಾಯಿತು. ನನಗೆ ಅರ್ಥವಾಗಲಿಲ್ಲ. ತಮ್ಮ ಎದ್ದರೆ ಕುಡಿಸಬೇಕಲ್ಲ ಎಂದು ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

ಬೇಗ ತಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರು ದುರ್ಗದ ಡಾಕ್ಟರು. ಆ 'ಹೇಳಲಾಗದು' ಎಂಬುದೇ ಮಾಮನನ್ನು ತಿಂದುಹಾಕಿತು. ಅರ್ಧ ದಾರಿ ನಡೆದು, ಅರ್ಧ ದಾರಿ ಯಾರದೋ ಟ್ರ್ಯಾಕ್ಟರಿನಲ್ಲಿ ಬಂದ ಅಪ್ಪ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಪ್ಪ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಮಾಮ ಮನೆಯಲ್ಲೇ ಉಳಿಯುತ್ತಿದ್ದನೇನೋ. ಟಾಕೀಸಿನ ಕೆಲಸ ಬಿಟ್ಟು ಹೇಳದೆ ಕೇಳದೆ ಹೊಳಲ್ಕೆರೆ ಕಡೆ ಹೋಗಿ ಇಟ್ಟಿಗೆ ಭಟ್ಟಿ ಸೇರಿಕೊಂಡ. ಅವ್ವ ಹುಡುಕಿಕೊಂಡು ಹೋಗಿ ಕರೆದಳು. "ನೀನೊಬ್ನೇ ಏನ್ ಮಾಡಿದ್ಯಪ್ಪ? ಊರಿಗೂರೇ ಅಳ್ತಿತ್ತು. ಬಾ, ಮನಿಗೆ ಹೋಗಾಣ" ಎಂದಳು. ಅವನು ಇಟ್ಟಿಗೆ ಜೋಡಿಸುತ್ತಲೇ ಇದ್ದ. ನಮ್ಮ ಒಲೆಯ ಮುಂದೆ ಕಥೆ ಹೇಳುವವರು ಮತ್ತೆ ಯಾರೂ ಬರಲಿಲ್ಲ.

ಆ ಟಾಕೀಸು ಈಗ ಕಲ್ಯಾಣ ಮಂಟಪ. ಹುಡುಗರು ಸಿನಿಮಾ ನೋಡುವುದು ಮೊಬೈಲಿನಲ್ಲಿ. ಆದರೂ ಇಪ್ಪತ್ತು ವರ್ಷಗಳಿಂದ ಆ ನಟರ ಪುಣ್ಯತಿಥಿಯನ್ನು ಊರು ತಪ್ಪಿಸಿಲ್ಲ. ನಮ್ಮ ಮನೆಯೆದುರಿನ ಹೊಂಗೆಮರದ ಕೆಳಗೆ ಫೋಟೋ ಇಟ್ಟು, ಹಾಡು ಹಾಕಿ, ಬಂದವರಿಗೆಲ್ಲ ಊಟ ಕೊಡುತ್ತಾರೆ. ಅಷ್ಟು ಸಣ್ಣ ಕೂಸಿಗೆ ತಿಥಿ ಮಾಡುವ, ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ತಮ್ಮನದೊಂದು ಫೋಟೋ ಕೂಡ ಇಲ್ಲ, ತೆಗೆಸುವಷ್ಟು ದೊಡ್ಡವನಾಗಿರಲಿಲ್ಲ. ಅವನ ಮುಖ ನನಗೆ ಈಗ ಸರಿಯಾಗಿ ನೆನಪಾಗುವುದೂ ಇಲ್ಲ.

ಪ್ರತಿ ವರ್ಷ ಆ ದಿನ ಅವ್ವ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಹಿತ್ತಲಿನ ನಂದಿಬಟ್ಟಲು ಬೊಗಸೆ ತುಂಬ ಬಿಡಿಸಿಕೊಂಡು ಹೋಗಿ ಆ ಫೋಟೋದ ಮುಂದೆ ಇಟ್ಟು ಬರುತ್ತಾಳೆ. ಅವಳು ಹಳೇ ಕಾಲದ ಅಭಿಮಾನಿ ಎಂದು ಹುಡುಗರಿಗೆ ಭಾರಿ ಗೌರವ. ಹೋದ ವರ್ಷ ಕೇಸರಿಬಾತಿನ ಎಲೆ ತಂದುಕೊಟ್ಟವನ ಕೈಯನ್ನು ಅವ್ವ ಬಿಡಲೇ ಇಲ್ಲ.

"ನಿಂಗೀಗ ಎಷ್ಟು ವರ್ಷನಪ್ಪ?"

"ಇಪ್ಪತ್ತೊಂದಮ್ಮ. ಯಾಕಮ್ಮ?"

"ಯಾಕೂ ಇಲ್ಲ, ಸುಮ್ನೆ ಕೇಳ್ದೆ" ಎಂದಳು ಅವ್ವ. "ಬೆಳಿಗ್ಗಿಂದ ಓಡಾಡ್ತಿದೀಯ. ನೀನೂ ಒಂಚೂರು ಉಣ್ಣು ಹೋಗಪ್ಪ."