ಚಂದ್ರಾಮಪ್ಪನ ಹೆಗಲಿಗೊಂದು ಶಾಲು

ನಿಂಬರ್ಗಾದ ರೈತ ಸಂಘದಲ್ಲಿ ಯಾರಿಗೂ ಸಂಬಳವಿಲ್ಲ. ಎಲ್ಲರದೂ ಸೇವೆಯೇ. ಅಧ್ಯಕ್ಷ ಶಿವಪ್ರಕಾಶ ಭಾಷಣದ ಸೇವೆ ಮಾಡುತ್ತಾನೆ, ಪದಾಧಿಕಾರಿಗಳು ಗೋಣು ಅಲ್ಲಾಡಿಸುವ ಸೇವೆ ಮಾಡುತ್ತಾರೆ, ಉಳಿದ ಚಿಲ್ಲರೆ ಕೆಲಸ ಕಾರ್ಯದರ್ಶಿ ಚಂದ್ರಾಮಪ್ಪನದು. ಚಿಲ್ಲರೆ ಎಂದರೆ ಏನು ಮಹಾ? ವರ್ಷಕ್ಕೊಮ್ಮೆ ನಡೆಯುವ ಕೃಷಿ ಮೇಳಕ್ಕೆ ಶಾಲೆಯ ಬಯಲು ಹಸನು ಮಾಡಿಸುವುದು, ಪೆಂಡಾಲು ಹಾಕಿಸುವುದು, ಊರೂರು ತಿರುಗಿ ಜೋಳದ ತೆನೆ, ಕುಂಬಳಕಾಯಿ, ಎತ್ತು ಒಟ್ಟುಗೂಡಿಸುವುದು, ಬಂದವರಿಗೆಲ್ಲ ಹುಗ್ಗಿ ಬೇಯಿಸುವುದು. ಅಷ್ಟೇ. ಅಷ್ಟು ಹೊತ್ತಿಗೆ ಊರವರ ತೊಗರಿ ರಾಶಿ ಮುಗಿದು ಮನೆ ಸೇರಿರುತ್ತದೆ, ಅವನದು ಮಾತ್ರ ಕಣದಲ್ಲೇ ಬಿದ್ದಿರುತ್ತದೆ.

ಈ ಮೇಳಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ವೇದಿಕೆ ಹತ್ತಿದವನಿಗೆ ಶಾಲು ಹೊದಿಸಲೇಬೇಕು. ಇಲ್ಲದಿದ್ದರೆ ಆತ ಮುಖ ಗಂಟು ಹಾಕಿಕೊಂಡು ಎದ್ದುಹೋಗುತ್ತಾನೆ, ಮರುವರ್ಷ ಅವನ ಓಣಿಯವರು ಯಾರೂ ಇತ್ತ ತಲೆ ಹಾಕುವುದಿಲ್ಲ. ಹೀಗಾಗಿ ಜೋಳ ನೋಡಲು ಬಂದವರಿಗಿಂತ ಶಾಲಿಗೆ ಬಂದವರೇ ಹೆಚ್ಚು. ತಟ್ಟೆಯಲ್ಲಿ ಶಾಲು ಹಿಡಿದು ನಿಲ್ಲುವವನು ಚಂದ್ರಾಮಪ್ಪ. ಅವನ ಹೆಗಲಿಗೆ ಯಾರೂ ಹೊದಿಸಿದವರಿಲ್ಲ. ಪಾಪ, ಅವನಿಗೂ ಆಸೆಯಿತ್ತು. ಒಮ್ಮೆಯಾದರೂ ಮೈಕಿನಲ್ಲಿ ತನ್ನ ಹೆಸರು ಕೂಗಬೇಕು, ಹೆಂಡತಿ ನಿಂಬೆವ್ವ ಅದನ್ನು ಕೇಳಬೇಕು.

"ಈ ಸಲ ನಿಂದೂ ಸನ್ಮಾನ ಅದ ನೋಡಪಾ, ಕಡೀಕ್ ಇಟ್ಟೇನಿ" ಎಂದು ಶಿವಪ್ರಕಾಶ ಮಾತು ಕೊಟ್ಟ. ಚಂದ್ರಾಮಪ್ಪ ಉಬ್ಬಿಹೋದ. ನಿಂಬೆವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಬಂದು ಕೂತಳು.

ಅಫಜಲಪುರದಿಂದ ಬಂದವರು, ಜೇವರ್ಗಿಯಿಂದ ಬಂದವರು, ಯಾಕೆ ಬಂದೆವೆಂದು ತಮಗೇ ಗೊತ್ತಿಲ್ಲದವರು, ಎಲ್ಲರಿಗೂ ಹೊದಿಸಿದ್ದಾಯಿತು. ತಟ್ಟೆಯಲ್ಲಿ ಒಂದೇ ಶಾಲು ಉಳಿಯಿತು. ಚಂದ್ರಾಮಪ್ಪ ಅಂಗಿಯ ಗುಂಡಿ ಹಾಕಿಕೊಂಡ. ಅಷ್ಟರಲ್ಲಿ ಶಿವಪ್ರಕಾಶನ ಬೀಗರು ಜೀಪಿನಿಂದ ಇಳಿದು ನೆಟ್ಟಗೆ ವೇದಿಕೆ ಹತ್ತಬೇಕೆ! ರೈತರೇನಲ್ಲ, ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಶಾಲಿಗೆ ಎಷ್ಟು ಬರ ನೋಡಿ ಪಾಪ!

ಶಿವಪ್ರಕಾಶ ಚಂದ್ರಾಮಪ್ಪನ ಕಿವಿಯಲ್ಲಿ ಉಸುರಿದ: "ಬೀಗರು ಸಿಟ್ಟಾದ್ರ ಮಗಳ ಬಾಳೇವು ಕೆಡ್ತದ. ನೀ ಏನು ಹೊರಗಿನಾಂವ? ಮನಿ ಮನುಷ್ಯ ಇದ್ದಿ."

ಮನೆ ಮನುಷ್ಯ ಇನ್ನೇನು ಮಾಡಿಯಾನು? ತಟ್ಟೆ ಚಾಚಿದ. ನಿಂಬೆವ್ವನ ಕಡೆ ನೋಡಲು ಧೈರ್ಯ ಬರಲಿಲ್ಲ.

ಆಮೇಲೆ ಎತ್ತುಗಳ ಬಹುಮಾನ. ಹಸನಸಾಬನ ಎತ್ತು ಗೆದ್ದಿತು. ಅದರ ಬೆನ್ನಿಗೆ ಕನ್ನಡಿ ಹೊಲಿದ ಜೂಲ ಹೊದಿಸಿ ಫೋಟೊ ತೆಗೆದರು. ಹೊದಿಸಿದವನು, ಮತ್ತೆ ಯಾರು, ಚಂದ್ರಾಮಪ್ಪನೇ.

ಅವನು ತಿರುಗುವಷ್ಟರಲ್ಲಿ ನಿಂಬೆವ್ವ ಹಿಂದೆಯೇ ನಿಂತಿದ್ದಳು. "ಎತ್ತಿಂದೂ ಸನ್ಮಾನ ಆಯ್ತು. ಇನ್ನ ಯಾರದರೆ ಉಳದದೇನ್ರಿ?"

"ನಡೀ ಮನಿಗೆ" ಎಂದ ಚಂದ್ರಾಮಪ್ಪ.

ಇಬ್ಬರೂ ಬಯಲು ದಾಟುವಾಗ ಮೈಕಿನಲ್ಲಿ ಶಿವಪ್ರಕಾಶ ಗುಡುಗಿದ: "ನಮ್ಮ ಸಂಘದ ಬೆನ್ನೆಲುಬು, ಶ್ರೀ ಚಂದ್ರಾಮಪ್ಪನವರು ಎಲ್ಲಿದ್ದರೂ ವೇದಿಕೆಗೆ ಬರಬೇಕು!"

ಚಂದ್ರಾಮಪ್ಪನ ಎದೆ ಜಿಗಿಯಿತು. ಹೆಂಡತಿಯ ಮುಖ ನೋಡಿದ.

ಮೈಕು ಮುಂದುವರಿಸಿತು: "ಲಗೂನ ಬರ್ರಿ. ಬಾಡಗಿ ಕುರ್ಚಿ ಟ್ರ್ಯಾಕ್ಟರದಾಗ ಹಾಕೋದದ!"

ನಿಂಬೆವ್ವ ಗಂಡನ ಕೈ ಹಿಡಿದಳು. "ಶಾಲು ಹೊದ್ದಾವ್ರು ಅಷ್ಟು ಮಂದಿ ಕುಂತಾರಲ್ಲ, ಹೊರಲಿ."

ಮೈಕು ಅವನ ಹೆಸರು ಕೂಗುತ್ತಲೇ ಇತ್ತು. ಚಂದ್ರಾಮಪ್ಪ ತಿರುಗಿ ನೋಡಲಿಲ್ಲ.