ಗೀಟು ಹೊಡೆದ ಬಯೋಡೇಟಾ

"ಅಲ್ರಿ ಮೇಡಂ, ರೊಟ್ಟಿ ವಿಚಾರದಾಗ ತಾಯಿ ಮಗಳು ಕಡೀಕೆ ಒಂದು ತೀರ್ಮಾನಕ್ಕ ಬಂದ್ರೇನ್ರಿ?"

ಹೋದ ತಿಂಗಳು ಒಂದು ಸೋಮವಾರ, ಕೂಡ್ಲಿಗಿಯ ನಮ್ಮ ಆಫೀಸಿನ ಫೋನೆತ್ತಿದಾಗ ಕಿವಿಗೆ ಬಿದ್ದ ಮೊದಲ ಮಾತು ಇದು. ಮಾತಾಡಿದವರು ಹಡಗಲಿಯ ಒಬ್ಬ ಯಜಮಾನರು. ಅವರನ್ನು ನಾನು ಕಂಡವಳೇ ಅಲ್ಲ. ರಾಂಗ್ ನಂಬರ್ ಎಂದು ಇಟ್ಟುಬಿಡುವವಳಿದ್ದೆ. ಅಷ್ಟರಲ್ಲಿ ಅವರೇ ಬಿಡಿಸಿ ಹೇಳಿದರು.

"ತಾಯಿ 'ರೊಟ್ಟಿ ಬಡಿಯಾಕ ಬರ್ತತಿ' ಅಂತ ಬರದಾರ. ಹುಡುಗಿ ಪಕ್ಕದಾಗ 'ಬರಂಗಿಲ್ಲ' ಅಂತ ಬರದಾಳ. ನಮ್ಮ ಮನಿಯಾಗ ಅದಕ್ಕ ಎರಡು ಪಾರ್ಟಿ ಆಗ್ಯಾವ ನೋಡ್ರಿ. ನನ್ನ ಹೆಂಡ್ತಿ ತಾಯಿ ಕಡಿ, ನಾನು ಹುಡುಗಿ ಕಡಿ."

ಆಗ ನನಗೆ ಹೊಳೆಯಿತು. ಅದು ಕೊಟ್ಟೂರಿನಲ್ಲಿರುವ ನನ್ನ ಅಣ್ಣನ ಮಗಳು ಶೈಲಾಳ ಬಯೋಡೇಟಾ. ಟೈಪ್ ಮಾಡಿದವಳು ನಾನು. ಸಂಪರ್ಕಕ್ಕೆ ಅಂತ ಕೆಳಗೆ ಫೋನ್ ನಂಬರ್ ಕೊಟ್ಟವಳೂ ನಾನೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾದರೂ ನಾವೆಲ್ಲ ಅದನ್ನು ದುಬಾರಿ ಟೈಪ್‌ರೈಟರ್ ಎಂದೇ ತಿಳಿದಿದ್ದೆವು. ಸಾಲು ಮುಗಿಯಿತೇ? ಎಂಟರ್ ಒತ್ತು. ವಿಷಯವನ್ನು ಮಧ್ಯಕ್ಕೆ ತರಬೇಕೇ? ಸ್ಪೇಸ್ ಬಾರನ್ನು ಇಪ್ಪತ್ತು ಸಲ ಕುಟ್ಟು. ಒಂದು ಅಕ್ಷರ ತಪ್ಪಿದರೆ ಇಡೀ ಪತ್ರವನ್ನೇ ಹೊಸದಾಗಿ ಹೊಡೆಯುವವರೂ ನಮ್ಮಲ್ಲಿದ್ದರು (ನಾನೇ). ಅಂಥ ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಒಂದೊಂದು ಗುಂಡಿ ಒತ್ತಿದಾಗಲೂ ನನಗೆ ಹಬ್ಬ. ಒಂದೇ ಪತ್ರಕ್ಕೆ ನೂರು ಜನರ ಹೆಸರು ತಾನೇ ಕೂರುತ್ತದೆ! ಇಷ್ಟು ದಿನ ನಾವು ಬೆರಳು ನೋಯಿಸಿಕೊಂಡಿದ್ದು ಯಾರ ಉದ್ಧಾರಕ್ಕೆ?

ಎಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಟ್ರ್ಯಾಕ್ ಚೇಂಜಸ್. ಒಂದು ಬರಹವನ್ನು ನಾಲ್ಕು ಜನ ತಿದ್ದಿದರೆ ಯಾರು ಏನು ಸೇರಿಸಿದರು, ಯಾರು ಏನು ಹೊಡೆದುಹಾಕಿದರು, ಎಲ್ಲವನ್ನೂ ಅದು ಬೇರೆ ಬೇರೆ ಬಣ್ಣದಲ್ಲಿ, ಹೆಸರು ಸಮೇತ ತೋರಿಸುತ್ತದೆ. ಹೊಡೆದ ಮಾತು ಅಳಿಸಿಹೋಗುವುದಿಲ್ಲ, ಮೈಮೇಲೆ ಗೀಟು ಹಾಕಿಸಿಕೊಂಡು ಅಲ್ಲೇ ಇರುತ್ತದೆ. ಟಿಪ್ಪಣಿ ಬರೆದರೆ ಅಂಚಿನಲ್ಲಿ ಡಬ್ಬಿ ಕಟ್ಟಿ ಕೂರಿಸುತ್ತದೆ. ಕೊನೆಗೆ ಆ ಗೀಟುಗಳನ್ನೆಲ್ಲ ಪೂರ್ತಿ ತೆಗೆಯುವುದು ಹೇಗೆ ಎಂಬುದನ್ನು ಮೂರನೆಯ ದಿನ ಮಧ್ಯಾಹ್ನ ಹೇಳಿಕೊಟ್ಟರಂತೆ. ಆ ಮಧ್ಯಾಹ್ನ ನಾನು ಬೇಗ ಬಸ್ಸು ಹಿಡಿದಿದ್ದೆ.

ಮುಂದಿನ ಭಾನುವಾರ ಶೈಲಾಳ ಬಯೋಡೇಟಾ ಬರೆಸಲು ಇಡೀ ಪರಿವಾರ ಕೂಡ್ಲಿಗಿಯ ನಮ್ಮ ಮನೆಗೆ ಬಂತು. ಅಣ್ಣ, ಅತ್ತಿಗೆ, ಶೈಲಾ, ಜೊತೆಗೆ ಅತ್ತಿಗೆಯ ತಮ್ಮ ಬಸಣ್ಣ. ಬಸಣ್ಣನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮಾತಿನಲ್ಲಿ ಮಾತ್ರ ಜಿಲ್ಲಾಧಿಕಾರಿ.

ಶೈಲಾಗೆ ಇಪ್ಪತ್ತೆಂಟು. ಕೊಟ್ಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಆಗಲೇ ನಾಲ್ಕು ಸಂಬಂಧ ಬಂದು ತಪ್ಪಿಹೋಗಿದ್ದವು. ಐದನೆಯದೂ ತಪ್ಪಬಾರದು ಎಂಬ ಹೆದರಿಕೆ ಅಣ್ಣನ ಮುಖದಲ್ಲೇ ಕಾಣುತ್ತಿತ್ತು. ಶೈಲಾಗೆ ಬೇರೆ ಹೆದರಿಕೆ. ಮದುವೆಯ ಗಲಾಟೆಯಲ್ಲಿ ಕೈಲಿರುವ ಕೆಲಸ ತಪ್ಪಿಹೋದರೆ?

ಊಟವಾದ ಮೇಲೆ ಎಲ್ಲರನ್ನೂ ರಜೆಯ ಆಫೀಸಿಗೆ ಕರೆದೊಯ್ದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಒಬ್ಬೊಬ್ಬರು ಬಾಯಿ ಬಿಟ್ಟಾಗಲೂ ಅವರವರ ಹೆಸರು ಹಾಕಿ, ಅವರವರ ಬಣ್ಣದಲ್ಲಿ ಟೈಪ್ ಮಾಡಿದೆ. ಹೊಸ ವಿದ್ಯೆ ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದುಂಟೇ? ವಯಸ್ಸು ಇಪ್ಪತ್ತೆಂಟು ಎಂದೆ. ಅಣ್ಣ ಇಪ್ಪತ್ತಾರು ಮಾಡಿಸಿದ. ಬಸಣ್ಣ, "ಇನ್ನೊಂದು ಇಳಸ್ರಿ ಅಕ್ಕಾ, ಅವರೂ ಇಳಿಸಿರ್ತಾರ" ಎಂದ. ಅದನ್ನೂ ಅವನ ಹೆಸರಲ್ಲಿ ಡಬ್ಬಿ ಕಟ್ಟಿದೆ. ಮೈಬಣ್ಣ ಕಪ್ಪು ಎಂದಿದ್ದದ್ದು ಎಣ್ಣೆಗೆಂಪಾಗಿ, ಕೊನೆಗೆ ಗೋಧಿಗೆ ಬಂದು ನಿಂತಿತು. ಅತ್ತಿಗೆಯ ಟಿಪ್ಪಣಿ: "ಬೇಸಗಿ ಕಳದ ಮ್ಯಾಲೆ ಹುಡುಗೀನ ತೋರ್ಸಿದ್ರಾತು." ಸ್ವಭಾವದ ಮುಂದೆ 'ಬೇಗ ಸಿಟ್ಟು ಬರುತ್ತದೆ' ಎಂದು ಶೈಲಾ ತಾನೇ ಬರೆಸಿದ್ದಳು. ಅದಕ್ಕೆ ಗೀಟು ಬಿದ್ದು 'ಸೌಮ್ಯ' ಆಯಿತು. ಶೈಲಾ ಅಂಚಿನಲ್ಲಿ ಒಂದೇ ಮಾತು ಬರೆಸಿದಳು: "ಯಾರು?"

(ನಮ್ಮ ಸುತ್ತಿನ ಐದು ತಾಲ್ಲೂಕಿನ ಬಯೋಡೇಟಾಗಳನ್ನು ಒಟ್ಟು ಹಾಕಿ ನೋಡಿ. ಒಬ್ಬರೂ ಕಪ್ಪಿಲ್ಲ, ಒಬ್ಬರೂ ಗಿಡ್ಡವಿಲ್ಲ, ಯಾರಿಗೂ ಸಿಟ್ಟೇ ಬರುವುದಿಲ್ಲ. ಹಾಗಾದರೆ ಏಪ್ರಿಲ್ ಬಿಸಿಲಿನಲ್ಲಿ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಜಗಳಾಡುವ ಆ ಕಪ್ಪು ಜನರೆಲ್ಲ ಯಾವ ದೇಶದವರು?)

ಆಮೇಲೆ ಬಂತು ನಿಜವಾದ ಜಗಳ. ಬಸಣ್ಣ ಒಂದು ಸಾಲು ಸೇರಿಸಿದ: 'ಮದುವೆಯ ನಂತರ ಕೆಲಸ ಬಿಡಲು ಸಿದ್ಧ.'

"ಅದನ್ನ ತಗಿ ಅತ್ತಿ" ಎಂದಳು ಶೈಲಾ. ಅವಳ ಹೆಸರಲ್ಲಿ ಗೀಟು ಹೊಡೆದೆ.

"ಇರ್ಲಿ, ಬರಿ" ಎಂದ ಅಣ್ಣ. ಅವನ ಬಣ್ಣದಲ್ಲಿ ಮತ್ತೆ ಟೈಪ್ ಮಾಡಿದೆ.

"ತಗಿ." ಗೀಟು.

"ಬರೀರಿ ಅಕ್ಕಾ, ಈ ಸಾಲು ಇಲ್ದಿದ್ರ ಮುಂದ ಓದಂಗೇ ಇಲ್ಲ ಜನ" ಎಂದ ಬಸಣ್ಣ. ಬರೆದೆ.

"ತಗಿ ಅತ್ತಿ." ಮೂರನೆಯ ಗೀಟು.

ಅಣ್ಣ ಗಡಿಯಾರ ನೋಡಿ ಎದ್ದ. "ಬಸ್ಸಿನ ಹೊತ್ತಾತು. ಅದು ಇರ್ಲಿ ಬಿಡು." ನಾಲ್ಕನೆಯ ಸಲ ಬರೆದೆ. ಸಾಲು ಉಳಿಯಿತು. ನಾನು ಮೇಲೊಂದು ಕಡೆ 'ಫೈನಲ್' ಎಂದು ಆರಿಸಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗೀಟು, ಬಣ್ಣ, ಡಬ್ಬಿ ಎಲ್ಲ ಮಾಯವಾಗಿ ಹಾಳೆ ಶುಭ್ರವಾಯಿತು. ಅಳಿಸಿಯೇ ಹೋಯಿತು ಎಂದು ನಾನು ನಂಬಿದೆ. ಅದು ಬರೀ ತೆರೆ ಎಳೆದುಕೊಂಡಿತ್ತು. ಫ್ಲಾಪಿಗೆ ಹಾಕಿ ಅಣ್ಣನ ಕೈಗೆ ಕೊಟ್ಟೆ.

ಕೊಟ್ಟೂರಿನ ಡಿಟಿಪಿ ಅಂಗಡಿಯ ಖಾದರ್ ಸಾಹೇಬರ ಕಂಪ್ಯೂಟರಿನಲ್ಲಿ ಫ್ಲಾಪಿ ತೆರೆದಾಗ ಆ ತೆರೆಯೂ ಸರಿಯಿತು. ಒಳಗಿದ್ದದ್ದೆಲ್ಲ ಎದ್ದು ಕೂತಿತು. "ಹಿಂಗ ಐತಿ, ಹಂಗೇ ಪ್ರಿಂಟ್ ಹಾಕ್ಲೇನ್ರಿ ಅಂತ ಕೇಳೀನ್ರಿ" ಎಂದು ಅವರು ಆಮೇಲೆ ನನಗೆ ಹೇಳಿದರು. ಅಣ್ಣನ ಬಳಿ ಆಗ ಓದಲು ಬೇಕಾದ ಚಾಳೀಸು ಇರಲಿಲ್ಲ. ಇದ್ದರೂ ನೋಡುತ್ತಿರಲಿಲ್ಲ. "ಹಾಕ್ರಿ, ನನ್ನ ತಂಗಿ ಆಫೀಸಿನಾಗ ಅದಾಳ, ಎಲ್ಲಾ ಸರಿ ಇರ್ತತಿ" ಎಂದನಂತೆ. ಇಪ್ಪತ್ತೈದು ಪ್ರತಿ ಕವರಿನೊಳಗೆ ಸೇರಿ, ಗೋಂದು ಹಚ್ಚಿಸಿಕೊಂಡು, ಐದು ತಾಲ್ಲೂಕಿಗೂ ಹೋದವು.

ಹಡಗಲಿಯ ಫೋನು ಇಟ್ಟವಳೇ ಶೈಲಾಳ ಶಾಲೆಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ನಕ್ಕಳು. ನಗು ನಿಂತ ಮೇಲೆ, "ಅತ್ತಿ, ಕೆಲಸದ ಸಾಲೂ ಹೋಗೇತೇನು?" ಎಂದಳು.

"ಹೋಗೇತಿ."

"ಗೀಟು ಸಮೇತ?"

"ಸಮೇತ."

"ಹಂಗಾದ್ರ ಛಲೋ ಆತು ಬಿಡು" ಎಂದು ಫೋನಿಟ್ಟಳು. ಪಾಠದ ಬೆಲ್ ಹೊಡೆದಿತ್ತಂತೆ.

ಆಮೇಲಿನ ಎರಡು ವಾರ ನಾನು ಆಫೀಸಿನ ಕೆಲಸ ಮಾಡಿದ್ದು ಕಡಿಮೆ, ಫೋನಿಗೆ ಉತ್ತರ ಕೊಟ್ಟಿದ್ದು ಹೆಚ್ಚು. ಹಗರಿಬೊಮ್ಮನಹಳ್ಳಿಯ ಒಂದು ಮನೆಯವರು ಅದೇ ಹಾಳೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಿದರು. 'ಎತ್ತರ ಐದಡಿ ನಾಲ್ಕಿಂಚು' ಎಂಬುದರ ಪಕ್ಕ, "ಹುಡುಗಿಯನ್ನು ಮದುವೆಯೊಂದರಲ್ಲಿ ನೋಡಿದ್ದೇವೆ, ಎರಡೇ ಇಂಚು" ಎಂದು ಬರೆದು ಸಹಿ ಮಾಡಿದ್ದರು. ಗುಡೇಕೋಟೆಯ ಮೇಷ್ಟ್ರೊಬ್ಬರು ಸಂಬಂಧ ಬೇಡವೆಂದರು. ಹಾಳೆಯನ್ನು ಮಾತ್ರ ಇಟ್ಟುಕೊಂಡರು. ಮನೆಯಲ್ಲಿ ಎಲ್ಲರೂ ಒಂದು ಸಲ ಓದಿ ಮುಗಿಸಲಿ ಎಂದು.

ಇದಕ್ಕಿಂತ ತಮಾಷೆ ಖಾದರ್ ಸಾಹೇಬರ ಅಂಗಡಿಯಲ್ಲಿ. ನೋಡಿದವರಿಗೆಲ್ಲ ಇದು ಬಯೋಡೇಟಾದ ಹೊಸ ಪದ್ಧತಿ ಎನಿಸಿಬಿಟ್ಟಿತು. "ಗೀಟು ಹೊಡೆದಿರೋದು, ಪಕ್ಕದಾಗ ಡಬ್ಬಿ ಇರೋದು ಮಾಡಿಕೊಡ್ರಿ" ಎಂದು ಜನ ಬರತೊಡಗಿದರು. ಗೀಟು ಹೊಡೆದ ಬಯೋಡೇಟಾ ನಂಬಿಕೆಗೆ ಯೋಗ್ಯ ಎಂಬ ಸುದ್ದಿ ಸಂತೆಯವರೆಗೂ ಹೋಯಿತು.

ಒಬ್ಬರು ಬಂದು, "ನಮ್ಮ ಹುಡುಗಂದು ಎಲ್ಲಾ ಖರೇನೇ ಐತ್ರಿ, ಹೊಡಿಯಾಕ ಏನೂ ಇಲ್ಲ" ಎಂದು ಪೇಚಾಡಿದರಂತೆ. ಸಾಹೇಬರು ಯೋಚನೆ ಮಾಡಿ, ಮೊದಲು 'ಕುಡಿಯುತ್ತಾನೆ' ಎಂದು ಟೈಪ್ ಮಾಡಿ ಅದಕ್ಕೆ ಗೀಟು ಹೊಡೆದುಕೊಟ್ಟರಂತೆ. ಆ ಹುಡುಗ ಜನ್ಮದಲ್ಲಿ ಸೋಡಾ ಬಿಟ್ಟು ಬೇರೇನೂ ಕುಡಿದವನಲ್ಲ. ನಂಬಿಕೆ ಬರಲಿ ಎಂದು ಮೊದಲು ಸುಳ್ಳು ಬರೆಯುವುದು, ಆಮೇಲೆ ಅದನ್ನು ಹೊಡೆಯುವುದು. ನಮ್ಮ ಜನ ಯಾವ ಸಾಫ್ಟ್‌ವೇರನ್ನಾದರೂ ಹೀಗೆ ಪಳಗಿಸಬಲ್ಲರು. ತರಬೇತಿ ಕೊಟ್ಟವರಿಗೇ ಇನ್ನೊಂದು ತರಬೇತಿ ಬೇಕು.

ಇಷ್ಟೆಲ್ಲ ಆದರೂ ಹೆಣ್ಣು ನೋಡಲು ಮಾತ್ರ ಯಾರೂ ಬರಲಿಲ್ಲ. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಅತ್ತಿಗೆ ಫೋನಿನಲ್ಲಿ, "ನೀನೇನು ಬೇಕಂತ ಮಾಡಿಲ್ಲ ಬಿಡವ್ವ" ಎಂದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಜಂಬಕ್ಕೆ ಆ ಹುಡುಗಿಯ ಬಾಳು ಬಲಿಯಾಯಿತೇ ಎಂದು ನಿಜವಾಗಿ ಭಯವಾಯಿತು.

ಆಗ ಬಂತು ಹರಪನಹಳ್ಳಿಯ ಕವರು. ಹುಡುಗನ ಹೆಸರು ಮಂಜುನಾಥ, ಸರ್ವೇಯರ್. ಅವನ ಬಯೋಡೇಟಾ ಕೈಬರಹದಲ್ಲಿತ್ತು, ಎರಡು ಬಣ್ಣದ ಪೆನ್ನಿನಲ್ಲಿ. 'ತಲೆಗೂದಲು: ದಟ್ಟ' ಎಂಬುದಕ್ಕೆ ಗೀಟು. ಪಕ್ಕದಲ್ಲಿ ಅವನ ತಾಯಿಯ ಅಕ್ಷರ: "ಫೋಟೋದಲ್ಲಿ ಮಾತ್ರ." 'ಸ್ವಭಾವ: ಶಾಂತ.' ತಾಯಿಯ ಟಿಪ್ಪಣಿ: "ಕ್ರಿಕೆಟ್ ಇಲ್ಲದಾಗ." ಕೊನೆಗೆ ಒಂದು ಸಾಲು: "ಈ ಭಾನುವಾರ ಬರುತ್ತೇವೆ. ಒಂದು ವಿಷಯ ಕೇಳುವುದಿದೆ."

ಹೋದ ಭಾನುವಾರ ಕೊಟ್ಟೂರಿಗೆ ಬಂದರು. ಅಣ್ಣ ನನಗೂ ಹೇಳಿ ಕಳಿಸಿದ್ದ. ಹುಡುಗನ ತಾಯಿ ನೀಲಮ್ಮನವರು ತಟ್ಟೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಟ್ಟಲಿಲ್ಲ. ಬ್ಯಾಗಿನಿಂದ ನಮ್ಮ ಹಾಳೆ ತೆಗೆದು, ಕೆಲಸದ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾರು ಬರ್ಸಿದ್ದು?"

ಬಸಣ್ಣ ಮುಂದೆ ಬಂದ. "ಅದು ಕಂಪ್ಯೂಟರ್ ಮಿಸ್ಟೇಕ್ ರೀ."

"ಕಂಪ್ಯೂಟ್ರು ನಿಮ್ಮ ಹೆಸ್ರೇ ಹಾಕೈತಲ್ರಿ. ಬಸಣ್ಣ, ಎರಡು ಸಲ. ಹುಡುಗಿ ತಂದೆ, ಎರಡು ಸಲ."

ಬಸಣ್ಣ ಮೆಲ್ಲಗೆ ಹಿಂದಕ್ಕೆ ಸರಿದ. ಅಣ್ಣ ಕೆಮ್ಮಿ, "ಗಂಡಿನ ಕಡಿಯೋರು ಏನಂತಾರೋ ಅಂತ ಬರೆಸಿದ್ವಿ ರೀ" ಎಂದ.

"ನಾವು ಕೇಳಿದ್ವಾ?" ಎಂದರು ನೀಲಮ್ಮ. ಅವರು ಶೈಲಾಳ ಕಡೆ ತಿರುಗಿದರು. "ನೀನು ಹೇಳವ್ವ."

"ನಾನು ಮೂರು ಸಲ ಹೇಳೀನ್ರಿ" ಎಂದಳು ಶೈಲಾ. "ನಾಲ್ಕನೇ ಸಲ ಬಸ್ಸಿನ ಹೊತ್ತಾಗಿತ್ತು."

ಅಣ್ಣ ಜೇಬಿನಿಂದ ಪೆನ್ನು ತೆಗೆದ. ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಉಳಿದಿದ್ದ ಆ ಸಾಲಿನ ಮೇಲೆ ನಿಧಾನವಾಗಿ ಗೀಟು ಎಳೆದ. ಪಕ್ಕದಲ್ಲಿ ತನ್ನ ಹೆಸರನ್ನೂ ಬರೆದ. ನೀಲಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಮಾತುಕತೆ ಈಗ ಮುಂದುವರಿದಿದೆ.

ಅಣ್ಣನನ್ನು, ಬಸಣ್ಣನನ್ನು ಬೈಯುವುದು ಸುಲಭ. ಬೈದೂ ಬಿಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಪ್ಪೂ ಲೆಕ್ಕಕ್ಕೆ ಬಂತು. ಬಯೋಡೇಟಾ ಟೈಪ್ ಮಾಡಿದ ದಿನ ಆ ಹುಡುಗಿ ನನ್ನ ಭುಜಕ್ಕೆ ತಾಗಿಕೊಂಡೇ ಕೂತಿದ್ದಳು. 'ತಗಿ ಅತ್ತಿ' ಎಂದು ಕೇಳಿದ್ದು ಅಪ್ಪನನ್ನಲ್ಲ, ಮಾವನನ್ನಲ್ಲ, ನನ್ನನ್ನು. ಮೂರು ಸಲವೂ ಯಾವ ಬಣ್ಣ ಬಂತು ಎಂದು ಪರದೆ ನೋಡಿದ ನಾನು, ಒಂದು ಸಲವಾದರೂ ತಿರುಗಿ ಅವಳ ಮುಖ ನೋಡಿದೆನೇ?